ಗುಂಡಿ ಕಾರಿನ ಟಾಪು

ಬಂಗಾರಪೇಟೆಯಲ್ಲಿ ಎಲ್ಲರೂ ಅದನ್ನು ಗುಂಡಿ ಕಾರು ಅನ್ನುತ್ತಿದ್ದರು. ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗುಂಡಿಯನ್ನು ಒತ್ತಿ ಹಿಡಿದರೆ ಅದರ ಕ್ಯಾನ್ವಾಸ್ ಟಾಪು ತಾನಾಗಿಯೇ ಮೇಲೆದ್ದು, ಹಿಂದಕ್ಕೆ ಮಡಿಚಿಕೊಂಡು, ಸೀಟಿನ ಬೆನ್ನಿಗೆ ಹೋಗಿ ಕೂತುಬಿಡುತ್ತಿತ್ತು. ಮತ್ತೆ ಒತ್ತಿದರೆ ಬಂದು ಮುಚ್ಚಿಕೊಳ್ಳುತ್ತಿತ್ತು. ಇದನ್ನು ನೋಡಲೆಂದೇ ಜನ ಸ್ಟೇಷನ್ ರಸ್ತೆಯಲ್ಲಿ ನಿಲ್ಲುತ್ತಿದ್ದರು.

ಕಾರು ಮೊದಲು ಉರಿಗಾಂನ ಚಿನ್ನದ ಗಣಿಯ ಒಬ್ಬ ಇಂಗ್ಲಿಷ್ ಅಧಿಕಾರಿಯದಾಗಿತ್ತು. ಗಣಿಗಳು ಸರ್ಕಾರದ ಕೈಗೆ ಹೋದ ವರ್ಷ ಆತ ಬಂಗಲೆಯ ಸಾಮಾನನ್ನೆಲ್ಲ ಹರಾಜಿಗಿಟ್ಟು ತನ್ನ ದೇಶಕ್ಕೆ ಹೊರಟ. ಬಂಗಾರಪೇಟೆಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ರಾಮಚಂದ್ರಪ್ಪನವರು ಕಾರನ್ನು ಕೊಂಡರು. ಕಾರಿನ ಜೊತೆ ಸ್ಟೆಪ್ನಿ ಬರುವ ಹಾಗೆ ಅದರ ಡ್ರೈವರ್ ಕೋದಂಡಪ್ಪನೂ ಬಂದ. ಮಂಡಿಯ ಹಿಂದಿನ ಕೋಣೆಯಲ್ಲಿ ಅವನೂ ಅವನ ಹೆಂಡತಿ ನರಸಮ್ಮನೂ ಸಂಸಾರ ಹೂಡಿದರು. ಮದುವೆಯ ಮೆರವಣಿಗೆಗೆ ಗುಂಡಿ ಕಾರೇ ಬೇಕು ಎಂದು ಸುತ್ತಮುತ್ತಲ ದೊಡ್ಡ ಮನೆಗಳವರು ಬಂದು ರಾಮಚಂದ್ರಪ್ಪನವರನ್ನು ಕೇಳತೊಡಗಿದರು.

ಕೋದಂಡಪ್ಪ ಬೂದಿಕೋಟೆ ಕಡೆಯ ಹಳ್ಳಿಯೊಂದರ ಕೇರಿಯವನು. ಅವನ ಅಪ್ಪ ಊರ ಬೀದಿಗೆ ಕಾಲಿಡುವ ಮುಂಚೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದವನು. ಮದುವೆಗಳಲ್ಲಿ ಕೋದಂಡಪ್ಪ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಹೆಣ್ಣು ಗಂಡನ್ನು ಹಿಂದೆ ಕೂರಿಸಿಕೊಂಡು, ಆಳು ನಡೆಯುವಷ್ಟೇ ನಿಧಾನವಾಗಿ ಕಾರು ನಡೆಸುತ್ತಿದ್ದ. ಮೆರವಣಿಗೆ ಮುಗಿದ ಮೇಲೆ ಅವನಿಗೆ ಹಿತ್ತಲಲ್ಲಿ ಎಲೆ ಹಾಕುತ್ತಿದ್ದರು. ಅದನ್ನು ಅವನು ಯಾರ ಹತ್ತಿರವೂ ಆಡಿದವನಲ್ಲ. ಕಾರಿನ ವಿಷಯ ಮಾತ್ರ ಎಷ್ಟು ಹೊತ್ತಾದರೂ ಆಡುತ್ತಿದ್ದ.

ಅವನ ತಂಗಿ ಮುನಿಶಾಮಮ್ಮ ಅದೇ ಹಳ್ಳಿಯಲ್ಲೇ ಇದ್ದಳು. ಗಂಡ ತೀರಿಹೋಗಿದ್ದ. ಪಟೇಲರ ತಮ್ಮ ಸೀನಪ್ಪನ ಹೊಲದಲ್ಲಿ ಕೂಲಿ ಮಾಡಿ ಒಬ್ಬನೇ ಮಗ ಆದಿನಾರಾಯಣನನ್ನು ಸಾಕಿದ್ದಳು. ಆದಿನಾರಾಯಣ ಈಗ ಉರಿಗಾಂನ ಗಣಿಯಲ್ಲಿ ಕೆಲಸಕ್ಕಿದ್ದ. ಸುರಂಗದಲ್ಲಿ ಮದ್ದು ಇಡುವವರ ಜೊತೆ ವೈರು ಎಳೆಯುವ ಕೆಲಸ. ಕೈ ತುಂಬ ದುಡಿಯುತ್ತಿದ್ದ, ತಲೆ ಎತ್ತಿ ಮಾತಾಡುತ್ತಿದ್ದ. ಅವನಿಗೆ ಮಾಲೂರು ಕಡೆಯ ಅಮ್ಮಾಜಮ್ಮ ಎಂಬ ಹುಡುಗಿಯನ್ನು ಗೊತ್ತುಮಾಡಿದಾಗ, ಲಗ್ನಪತ್ರಿಕೆಗಿಂತ ಮೊದಲು ಅವನು ಸೋದರಮಾವ ಕೋದಂಡಪ್ಪನನ್ನು ಹುಡುಕಿಕೊಂಡು ಬಂಗಾರಪೇಟೆಗೆ ಬಂದ.

“ಮಾಮ, ನನ್ ಮದ್ವೇಗೆ ಗುಂಡಿ ಕಾರು ಬರ್ಬೇಕು. ಟಾಪು ತೆಗ್ದು ಊರ ಬೀದೀಲಿ ಓಗ್ಬೇಕು. ವರ್ಷೆಲ್ಲಾ ಬೂಮಿ ಒಳಗಿರೋನು ನಾನು. ಒಂದಿನ ಎಲ್ರಿಗೂ ಕಾಣಂಗೆ ಓಗ್ತೀನಿ.”

ಕೋದಂಡಪ್ಪನಿಗೆ ಹೆದರಿಕೆಯೂ ಆಯಿತು, ಆಸೆಯೂ ಆಯಿತು. ಹೆದರಿಕೆಯನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಸಾಹುಕಾರರನ್ನು ಕೇಳುತ್ತೇನೆ ಅಂದ. ಅವರು ಬೇಡ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು ಎಂದೂ ಒಳಗೊಳಗೇ ಲೆಕ್ಕ ಹಾಕಿದ್ದ. ಆದರೆ ರಾಮಚಂದ್ರಪ್ಪನವರು ಬೇಡ ಅನ್ನಲಿಲ್ಲ. ಗದ್ದುಗೆಯ ಮೇಲೆ ಕೂತಲ್ಲಿಂದಲೇ ನಕ್ಕು, ನಿನ್ನ ಮನೆಯ ಮದುವೆ ಅಂದರೆ ನಮ್ಮ ಮನೆಯದೇ ಅಲ್ಲವೇನೋ, ಬಾಡಿಗೆ ಮಾತೇ ಎತ್ತಬೇಡ, ತಗೊಂಡು ಹೋಗು ಅಂದರು. ನರಸಮ್ಮ ಆ ದಿನ ಮಂಡಿಯ ಹಮಾಲಿಗಳಿಗೆಲ್ಲ ಬೆಲ್ಲ ಹಂಚಿದಳು. ಅಂಥ ಧಣಿ ಯಾರಿಗೆ ಸಿಗುತ್ತಾನೆ ಎಂದು ಕೋದಂಡಪ್ಪ ಕಂಡಕಂಡವರಿಗೆ ಹೇಳಿದ.

ಹಳ್ಳಿಯಲ್ಲೂ ಸುದ್ದಿಯಾಯಿತು. ಕೇರಿಯಿಂದ ಬಸ್ಸಿನ ರಸ್ತೆಗೆ ಕಾರು ಬರಬೇಕಾದರೆ ಊರ ಬೀದಿಯಲ್ಲೇ ಬರಬೇಕು, ಬೇರೆ ದಾರಿ ಇರಲಿಲ್ಲ. ಹಾಗಾಗಿ ಕಾರು ಬೀದಿಯಲ್ಲಿ ಹಾದುಹೋಗಲಿ ಎಂದು ಪಟೇಲರು ಒಪ್ಪಿದ್ದರು. ಟಾಪಿನ ಮಾತು ಅವರ ಕಿವಿಗೆ ಬಿದ್ದದ್ದು ಆಮೇಲೆ.

ಮದುವೆಯ ವಾರದಲ್ಲಿ ಒಂದು ಮಧ್ಯಾಹ್ನ ಸೀನಪ್ಪ ಮಂಡಿಗೆ ಬಂದ. ಆ ಹಳ್ಳಿಯ ಕಡಲೆಕಾಯಿಯೆಲ್ಲ ರಾಮಚಂದ್ರಪ್ಪನವರ ಮಂಡಿಗೇ ಬರುತ್ತಿದ್ದದ್ದರಿಂದ ಅವನು ಬಂದದ್ದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಳಗೆ ಬಹಳ ಹೊತ್ತು ಮಾತಾಡಿ ಹೊರಬಂದವನು ಶೆಡ್ಡಿನ ಹತ್ತಿರ ನಿಂತು ಕಾರನ್ನು ದಿಟ್ಟಿಸಿ ನೋಡಿದ. ಈ ಟಾಪು ಹೇಗೆ ಏಳುತ್ತದೆ ಎಂದು ಕೇಳಿದ. ಊರ ದೊಡ್ಡವರು ತನ್ನನ್ನು ಬಾಯಿಬಿಟ್ಟು ಒಂದು ಮಾತು ಕೇಳಿದರಲ್ಲ ಎಂಬ ಸಂಭ್ರಮದಲ್ಲಿ ಕೋದಂಡಪ್ಪ ಗುಂಡಿ ಒತ್ತಿ ಟಾಪು ತೆಗೆದು ತೋರಿಸಿದ. ಅಷ್ಟಕ್ಕೇ ಬಿಡದೆ ಡಿಕ್ಕಿ ತೆಗೆದು, ಹಲಗೆ ಎತ್ತಿ, ಎಣ್ಣೆ ತಳ್ಳುವ ಮೋಟಾರನ್ನೂ ಅದಕ್ಕೆ ಕರೆಂಟು ತರುವ ದಪ್ಪ ವೈರನ್ನೂ ತೋರಿಸಿದ. ರಾಮಚಂದ್ರಪ್ಪನವರೂ ಬಂದು ಹಿಂದೆ ನಿಂತು ನೋಡಿದರು.

ಮದುವೆಯ ಹಿಂದಿನ ಸಂಜೆ ಕೋದಂಡಪ್ಪ ಕಾರನ್ನು ತೊಳೆದು, ಟಾಪನ್ನು ತೆಗೆದು ಹಾಕಿ ನೋಡಿದ್ದ. ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಶೆಡ್ಡಿಗೆ ಬಂದರೆ ರಾಮಚಂದ್ರಪ್ಪನವರು ಆಗಲೇ ಅಲ್ಲಿದ್ದರು. ಬಾನೆಟ್ಟಿಗೆ ತಾವೇ ಹೂವಿನ ಹಾರ ಕಟ್ಟಿಸಿದ್ದರು. ಹುಷಾರಾಗಿ ಹೋಗಿ ಬಾ ಅಂದರು. ಕೋದಂಡಪ್ಪ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟ. ದಾರಿಯಲ್ಲಿ ಧೂಳು ಬೀಳದಿರಲಿ ಎಂದು ಟಾಪು ಮುಚ್ಚಿಕೊಂಡೇ ಹೋದ.

ಮುಹೂರ್ತವೂ ಊಟವೂ ಮುಗಿದಿತ್ತು, ಇನ್ನು ಮೆರವಣಿಗೆ ಹೊರಡಬೇಕು. ಕೇರಿಯ ಮುಂದೆ ತಮಟೆಯವರು ಸಿದ್ಧವಾಗಿದ್ದರು. ಆದಿನಾರಾಯಣ ಹೊಸ ಕೋಟು ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. ಕೋದಂಡಪ್ಪ ಟಾಪಿನ ಮುಂದಿನ ಕೊಕ್ಕೆಗಳನ್ನು ಬಿಚ್ಚಿ, ಎಂಜಿನ್ ಚಾಲೂ ಮಾಡಿ, ಗುಂಡಿ ಒತ್ತಿದ.

ಟಾಪು ಏಳಲಿಲ್ಲ. ಮತ್ತೆ ಒತ್ತಿದ. ಮೋಟಾರಿನ ಸದ್ದೂ ಬರಲಿಲ್ಲ.

ಅವನು ಗಾಬರಿಯಾಗಲಿಲ್ಲ. ಇಂಗ್ಲಿಷ್ ಅಧಿಕಾರಿಯ ಕಾಲದಲ್ಲೂ ಒಮ್ಮೆ ಹೀಗಾದಾಗ ಗಣಿಯ ಎಲೆಕ್ಟ್ರಿಷಿಯನ್ ಕುಪ್ಪುಸ್ವಾಮಿ ಬಂದು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಪಾಠ ಹೇಳಿಕೊಟ್ಟಿದ್ದ. ಸದ್ದು ಬಂದು ಟಾಪು ಏಳದಿದ್ದರೆ ಎಣ್ಣೆ ನೋಡಬೇಕು, ಸದ್ದೇ ಬರದಿದ್ದರೆ ಕರೆಂಟು ಎಲ್ಲಿಯವರೆಗೆ ಬರುತ್ತಿದೆ ಎಂದು ಹುಡುಕಿಕೊಂಡು ಹೋಗಬೇಕು. ಕೋದಂಡಪ್ಪ ಹಾರ್ನ್ ಹೊಡೆದ. ಜೋರಾಗಿಯೇ ಕೂಗಿತು, ಹಾಗಾದರೆ ಬ್ಯಾಟರಿ ಸರಿಯಾಗಿದೆ. ದೀಪ ಹಾಕಿ, ಒಬ್ಬನನ್ನು ಕಾರಿನ ಮುಂದೆ ನಿಲ್ಲಿಸಿ, ಗುಂಡಿ ಒತ್ತಿದಾಗ ದೀಪ ಮಂಕಾಗುತ್ತದೆಯೇ ನೋಡು ಅಂದ. ಆಗುವುದಿಲ್ಲ ಅಂದ ಅವನು. ಅಂದರೆ ಮೋಟಾರು ಕರೆಂಟನ್ನೇ ಎಳೆಯುತ್ತಿಲ್ಲ. ಬಾನೆಟ್ ಎತ್ತಿ ಬ್ಯಾಟರಿಯ ವೈರುಗಳು ಸೇರುವ ಕಟೌಟ್ ಪೆಟ್ಟಿಗೆಯ ತಿರುಪುಗಳನ್ನು ಬಿಗಿಮಾಡಿದ, ಕಿಲುಬು ಹಿಡಿದಿರಬಹುದೆಂದು ವೈರಿನ ತುದಿಗಳನ್ನು ಚಾಕುವಿನಿಂದ ಕೆರೆದ. ಬಂದು ಒತ್ತಿದ. ಇಲ್ಲ.

ತಮಟೆಯವರು ಸುಮ್ಮನಾದರು. ಬೀದಿಯ ತುದಿಯಲ್ಲಿ ಜಗಲಿಗಳ ಮೇಲೆ ಜನ ಕೂತು ನೋಡುತ್ತಿದ್ದರು. ಕೋದಂಡಪ್ಪ ಡಿಕ್ಕಿ ತೆಗೆದು, ಹಲಗೆ ಎತ್ತಿ, ಒಳಗೆ ಬಗ್ಗಿದ. ಎಣ್ಣೆ ತುಂಬಿತ್ತು. ಕೊಳವೆಗಳಲ್ಲಿ ಎಲ್ಲೂ ಸೋರಿರಲಿಲ್ಲ. ಮೋಟಾರಿಗೆ ಬರುವ ದಪ್ಪ ವೈರನ್ನು ಹಿಡಿದು ಮೆಲ್ಲಗೆ ಎಳೆದ. ಅದು ಅವನ ಕೈಗೇ ಬಂತು.

ವೈರನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ್ದರು. ಇಲಿ ಹಲ್ಲಿನ ಗುರುತಿಲ್ಲ, ಸುಟ್ಟ ಕಲೆಯಿಲ್ಲ. ತಾಮ್ರ ಇನ್ನೂ ಹೊಳೆಯುತ್ತಿತ್ತು. ಕತ್ತರಿಸಿದ ತುದಿಗಳು ಕಾಣದ ಹಾಗೆ ಹಲಗೆಯ ಕೆಳಗೆ ಒಪ್ಪವಾಗಿ ತುರುಕಿದ್ದರು. ಡಿಕ್ಕಿಗೆ ಎರಡು ಬೀಗದ ಕೈ ಇದ್ದವು. ಒಂದು ಅವನ ಸೊಂಟದಲ್ಲಿತ್ತು. ಇನ್ನೊಂದು ಸಾಹುಕಾರರ ಹತ್ತಿರ.

ಬಾನೆಟ್ಟಿನ ಹಾರ, ಬಾಡಿಗೆ ಬೇಡವೆಂದ ನಗು, ಸೀನಪ್ಪನ ಹಿಂದೆ ನಿಂತು ನೋಡಿದ ಮುಖ, ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂದವು. ಬೆಳಿಗ್ಗೆ ಅವರ ಕಾಲು ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಚಾಕು ತೆಗೆದು ವೈರಿನ ರಬ್ಬರು ಸುಲಿಯಲು ಶುರುಮಾಡಿದ. ತುದಿಗಳನ್ನು ಸುಲಿದು, ಹೊಸೆದು, ಬಟ್ಟೆ ಸುತ್ತಿದರೆ ಆಗಿಹೋಯಿತು. ಕೆಲಸ ಹೋಗುತ್ತದೆ, ಹೋಗಲಿ ಅಂದುಕೊಂಡ.

ಅಷ್ಟರಲ್ಲಿ ಮುನಿಶಾಮಮ್ಮ ನೀರಿನ ಚೊಂಬು ಹಿಡಿದು ಡಿಕ್ಕಿಯ ಹತ್ತಿರ ಬಂದಳು. ಅವನ ಕೈಯಲ್ಲಿದ್ದ ವೈರನ್ನು ನೋಡಿದಳು.

“ಕತ್ತರಿಸವ್ರೆ,” ಅಂದ ಕೋದಂಡಪ್ಪ. “ಸೇರಿಸ್ತಾ ಇವ್ನಿ. ಚಿಟಿಕೇಲಿ ಆಗೋಯ್ತದೆ.”

ಅವಳು ಯಾರು ಅಂತ ಕೇಳಲಿಲ್ಲ. ಚೊಂಬನ್ನು ಅವನ ಕೈಗೆ ಕೊಡುವವಳ ಹಾಗೆ ಬಗ್ಗಿ, “ಬ್ಯಾಡಣ್ಣ” ಅಂದಳು.

ಕೋದಂಡಪ್ಪ ಅವಳ ಮುಖ ನೋಡಿದ.

“ಬ್ಯಾಡ ಬಿಡು. ನೀನು ಸಂಜೀಗೆ ಬಂಗಾರಪೇಟೆಗೆ ಓಯ್ತೀಯ. ಅವ್ನು ಎಂಡ್ತೀನ ಕರ್ಕೊಂಡು ಉರಿಗಾಂಗೆ ಓಯ್ತಾನೆ. ನಾಳೆ ಬೆಳಗಾದ್ರೆ ಸೀನಪ್ಪನೋರ ಒಲಕ್ಕೆ ಓಗ್ಬೇಕಾದೋಳು ನಾನು. ಬಾವೀನೂ ಅವ್ರದೇ, ದಾರೀನೂ ಅವ್ರದೇ.”

ಹಿಂದಿನ ದಿನ ಸೀನಪ್ಪನ ಹೆಂಡತಿ ಅನಸೂಯಮ್ಮ ಅವಳನ್ನು ಕರೆಸಿದ್ದಳಂತೆ. ಕಾರಿನಲ್ಲಿ ಹೋಗುವುದಾದರೆ ಹೋಗಿ, ಆದರೆ ಒಳಗೆ ಕೂತು ಹೋಗಿ, ನಮ್ಮ ಜಗಲಿಯ ಮುಂದೆ ಮೆರೆದರೆ ನಾಳೆಯಿಂದ ಬಾವಿಯ ಹತ್ತಿರ ಬರಬೇಡ ಎಂದಿದ್ದಳಂತೆ. ಅದನ್ನು ಮುನಿಶಾಮಮ್ಮ ಮಗನಿಗೆ ಹೇಳಿರಲಿಲ್ಲ. ಹೇಳಿದರೆ ಅವನು ಜಗಳಕ್ಕೇ ಹೋಗುತ್ತಾನೆಂದು ಗೊತ್ತಿತ್ತು.

“ಅವ್ನಿಗೆ ಗೊತ್ತಾಗ್ಬಾರ್ದು ಕಣಣ್ಣ. ನಿನ್ ಕಾಲಿಗ್ ಬೀಳ್ತೀನಿ.”

ಕೋದಂಡಪ್ಪ ಚಾಕು ಮಡಿಚಿದ. ವೈರನ್ನು ಇದ್ದ ಹಾಗೆಯೇ ಒಳಗೆ ತುರುಕಿ ಮೇಲೆ ಹಲಗೆ ಇಟ್ಟ. ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಮೋಟಾರು ಸುಟ್ಟುಹೋಗಿದೆ, ಟಾಪು ಏಳುವುದಿಲ್ಲ ಅಂದ.

ಕೇರಿಯ ಹುಡುಗರು ಬಿಡಲಿಲ್ಲ. ಕೈಯಲ್ಲೇ ಎತ್ತಿಬಿಡೋಣ ಎಂದು ಅತ್ತ ಇತ್ತ ನಿಂತು ಕಂಬಿಗೆ ಕೈ ಹಾಕಿದರು. ಕಂಬಿ ಬಾಗುತ್ತದೆ, ಮುಟ್ಟಬೇಡಿ ಎಂದು ಕೋದಂಡಪ್ಪ ಗದರಿಸಿದ. ಅವನು ಗದರಿಸಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಆದಿನಾರಾಯಣ ಕಾರಿನಿಂದ ಇಳಿದ. ನೇರವಾಗಿ ಡಿಕ್ಕಿಗೆ ಬಂದು, ಮಾವ ಅಡ್ಡ ಬರುವಷ್ಟರಲ್ಲಿ ಹಲಗೆ ಎತ್ತಿದ. ದಿನವೂ ವೈರು ಎಳೆಯುವವನಿಗೆ ಸುಟ್ಟ ವೈರು ಯಾವುದು, ಕತ್ತರಿಸಿದ ವೈರು ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕೋದಂಡಪ್ಪ ಸುಲಿದಿದ್ದ ರಬ್ಬರಿನ ಚೂರುಗಳೂ ಅಲ್ಲೇ ಬಿದ್ದಿದ್ದವು.

“ಡಿಕ್ಕಿ ಬೀಗದ ಕೈ ಯಾರತ್ರ ಐತೆ ಮಾಮ?”

ಮುನಿಶಾಮಮ್ಮ ಅಣ್ಣನನ್ನೇ ನೋಡುತ್ತಿದ್ದಳು.

“ನನ್ನತ್ರ,” ಅಂದ ಕೋದಂಡಪ್ಪ.

“ನಿನ್ನತ್ರನೇ.”

“ಊಂ.”

ಆದಿನಾರಾಯಣ ಹಲಗೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ, “ಆಗಲ್ಲ ಅಂತ ಮೊದಲೇ ಏಳಿದ್ರೆ ಆಗ್ತಿತ್ತಲ್ಲ ಮಾಮ. ನಾನೇನು ಕಾರಿಲ್ದೆ ಸಾಯ್ತಿದ್ನಾ?” ಅಂದ. ವೈರಿಗೆ ಅವನು ಕೈ ಹಾಕುವಂತಿದ್ದ. ಕೋದಂಡಪ್ಪ ಡಿಕ್ಕಿ ಮುಚ್ಚಿ, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಹೆಣ್ಣಿನ ಕಡೆಯವರು ಹೊತ್ತಾಯಿತು ಅನ್ನುತ್ತಿದ್ದರು. ಅಮ್ಮಾಜಮ್ಮ ಒಳಗೆ ಅಳುತ್ತಿದ್ದಳು. ಆದಿನಾರಾಯಣ ಹೋಗಿ ಅವಳ ಪಕ್ಕ ಕೂತು ಬಾಗಿಲು ಹಾಕಿಕೊಂಡ.

ಗುಂಡಿ ಕಾರು ಟಾಪು ಮುಚ್ಚಿಕೊಂಡು ಊರ ಬೀದಿಯಲ್ಲಿ ಹೋಯಿತು. ಒಳಗೆ ಬಿಸಿಲಿನ ಧಗೆ, ಮಲ್ಲಿಗೆಯ ವಾಸನೆ. ಸೀನಪ್ಪ ತನ್ನ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಕಾರು ಹತ್ತಿರ ಬಂದಾಗ ಕೋದಂಡಪ್ಪನ ಕಡೆ ನೋಡಿ, ಭೇಷ್ ಅನ್ನುವ ಹಾಗೆ ಕೈ ಎತ್ತಿದ. ಕೋದಂಡಪ್ಪ ಸ್ಟಿಯರಿಂಗ್ ಬಿಡಲಿಲ್ಲ.

ಮದುಮಕ್ಕಳನ್ನು ಉರಿಗಾಂವರೆಗೂ ಬಿಟ್ಟುಬರುವುದೆಂದು ಮಾತಾಗಿತ್ತು. ಬಸ್ಸಿನ ರಸ್ತೆಗೆ ಬರುತ್ತಲೇ ಆದಿನಾರಾಯಣ ನಿಲ್ಲಿಸು ಅಂದ. ಹೆಂಡತಿಯನ್ನೂ ಟ್ರಂಕನ್ನೂ ಇಳಿಸಿಕೊಂಡು ಹುಣಸೆಮರದ ನೆರಳಲ್ಲಿ ನಿಂತ. ಬಾಸಿಂಗ ಬಿಚ್ಚಿ ಚೀಲಕ್ಕೆ ಹಾಕಿದ. ಬಸ್ಸು ಬರುವವರೆಗೂ ಕೋದಂಡಪ್ಪ ಅಲ್ಲೇ ಕಾರು ನಿಲ್ಲಿಸಿಕೊಂಡಿದ್ದ. ಆದಿನಾರಾಯಣ ಒಂದು ಸಲವೂ ಇತ್ತ ತಿರುಗಲಿಲ್ಲ.

ಸಂಜೆ ಕಾರು ತಂದು ಶೆಡ್ಡಿಗೆ ಬಿಟ್ಟಾಗ ರಾಮಚಂದ್ರಪ್ಪನವರು ಮಂಡಿಯ ಬಾಗಿಲಲ್ಲಿ ನಿಂತಿದ್ದರು. ಮದುವೆ ಚೆನ್ನಾಗಿ ಆಯಿತೇ ಎಂದು ಕೇಳಿದರು. ಆಯಿತು ಅಂದ.

“ಟಾಪು ಏಳ್ಲಿಲ್ಲ ಸಾವ್ಕಾರ್ರೇ. ವೈರು ಕಟ್ಟಾಗಿತ್ತು.”

ರಾಮಚಂದ್ರಪ್ಪನವರು ಅವನ ಮುಖವನ್ನೇ ನೋಡಿದರು. “ಇಲಿ ಕಡ್ದಿರ್ಬೇಕು ಕಣೋ. ಮಂಡೀಲಿ ಇಲಿ ಜಾಸ್ತಿ ಆಗವೆ.”

“ಇರ್ಬೇಕು ಸಾವ್ಕಾರ್ರೇ.”

ಅಷ್ಟೇ ಮಾತು. ಅವನಿಗೆ ಗೊತ್ತಾಗಿದೆಯೆಂದು ಅವರಿಗೆ ಗೊತ್ತಾಯಿತು, ಆದರೂ ಅವನು ಬಾಯಿಬಿಡುವುದಿಲ್ಲ ಎಂದೂ ಗೊತ್ತಾಯಿತು. ಆಮೇಲೆ ಅವರು ಅವನನ್ನು ಮೊದಲಿಗಿಂತ ಚೆನ್ನಾಗಿ ನೋಡಿಕೊಂಡರು. ಹಬ್ಬಕ್ಕೆ ನರಸಮ್ಮನಿಗೆ ಸೀರೆ ಬಂತು. ಅವಳು ಅದನ್ನು ಉಟ್ಟುಕೊಂಡಾಗ ಕೋದಂಡಪ್ಪ ಅವಳ ಕಡೆ ನೋಡದೆ ಹೊರಗೆ ಹೋದ. ಆದಿನಾರಾಯಣನ ಮದುವೆಯಾದ ಮುಂದಿನ ವಾರವೇ ಪೇಟೆಯ ಜವಳಿ ಅಂಗಡಿಯವರ ಮನೆಯ ಮದುವೆಯಿತ್ತು. ಕೋದಂಡಪ್ಪ ಕೂತು ವೈರು ಸೇರಿಸಿದ. ಗುಂಡಿ ಒತ್ತಿದ ಕೂಡಲೇ ಟಾಪು ಎದ್ದು ಹೋಗಿ ಹಿಂದೆ ಕೂತಿತು. ಆ ಮದುಮಗನನ್ನು ಬಿಸಿಲಲ್ಲಿ, ಗಾಳಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬಂಗಾರಪೇಟೆಯ ಬೀದಿಗಳಲ್ಲೆಲ್ಲ ಸುತ್ತಿಸಿದ.

ಕೆಲಸ ಬಿಡಬೇಕು ಎಂದು ಅವನು ಎಷ್ಟೋ ಸಲ ಅಂದುಕೊಂಡ. ಬಿಟ್ಟರೆ ಮಂಡಿಯ ಹಿಂದಿನ ಕೋಣೆಯನ್ನೂ ಬಿಡಬೇಕು. ಬಿಡಲಿಲ್ಲ. ಎಲ್ಲಕ್ಕಿಂತ ಅವನನ್ನು ತಿಂದದ್ದು ಉರಿಗಾಂನ ಸುದ್ದಿ. ಸಾಹುಕಾರನ ಕೆಲಸ ಉಳಿಸಿಕೊಳ್ಳಲು ಮಾವನೇ ವೈರು ಕತ್ತರಿಸಿದ ಎಂದು ಆದಿನಾರಾಯಣ ನೆಂಟರಿಗೆಲ್ಲ ಹೇಳಿದ್ದ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಎದುರಾದಾಗ ಅವನು ರಸ್ತೆ ದಾಟಿ ಆಚೆ ಹೋದ. ನರಸಮ್ಮನೂ ಒಮ್ಮೆ, ನಿಜ ಹೇಳು, ನೀನೇನಾ ಎಂದು ಗಂಡನನ್ನು ಕೇಳಿದಳು. ಅವನು ಎದ್ದು ಶೆಡ್ಡಿನ ಕಡೆ ಹೋದ.

ಕೆಲವು ವರ್ಷ ಹೀಗೇ ನಡೆಯಿತು. ಗುಂಡಿ ಕಾರಿಗೆ ಬಿಡಿಭಾಗ ಸಿಗದೆ ರಾಮಚಂದ್ರಪ್ಪನವರು ಅದನ್ನು ಮಾರಿ, ಕೋದಂಡಪ್ಪನನ್ನು ಲಾರಿಗೆ ಹಾಕಿದರು. ಆದಿನಾರಾಯಣನಿಗೆ ಮಗು ಹುಟ್ಟಿತು. ನಾಮಕರಣಕ್ಕೆ ಮುನಿಶಾಮಮ್ಮ ಉರಿಗಾಂಗೆ ಹೋದಾಗ, ಅಣ್ಣನನ್ನು ಕರೆದಿಲ್ಲ ಎಂದು ತಿಳಿಯಿತು. ಮಗನ ಸೋದರಮಾವನಿಲ್ಲದೆ ಮೊಮ್ಮಗುವಿಗೆ ಹೆಸರಿಟ್ಟದ್ದು ಅವಳಿಗೆ ತಡೆಯಲಾಗಲಿಲ್ಲ. ಊಟವಾದ ಮೇಲೆ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ವೈರು ಸಾಹುಕಾರನದೇ ಕೆಲಸ, ಸೇರಿಸಬೇಡ ಎಂದದ್ದು ತಾನು, ಅಣ್ಣ ತನಗಾಗಿ ಬಾಯಿ ಮುಚ್ಚಿಕೊಂಡ ಎಂದು.

ಮಗ ಅತ್ತಾನು, ಬೈದಾನು, ಕೊನೆಗೆ ಮಾವನನ್ನು ಕರೆಸಿಯಾನು ಎಂದು ಅವಳು ಎಣಿಸಿದ್ದಳು. ಅದ್ಯಾವುದೂ ಆಗಲಿಲ್ಲ. ಬೆಳಿಗ್ಗೆ ಅವಳ ಚೀಲವನ್ನು ತಾನೇ ಹೊತ್ತು ತಂದು ಬೂದಿಕೋಟೆ ಬಸ್ಸಿಗೆ ಹತ್ತಿಸಿದ. ಅಲ್ಲಿಂದ ನೇರವಾಗಿ ಬಂಗಾರಪೇಟೆಗೆ ಬಂದು, ಲಾರಿಯ ಚಕ್ರ ಬಿಚ್ಚುತ್ತಿದ್ದ ಮಾವನ ಎದುರು ನಿಂತ. ಕೋದಂಡಪ್ಪ ಸ್ಪ್ಯಾನರನ್ನು ಕೆಳಗಿಟ್ಟ. ಎದ್ದು ಕೈ ಒರೆಸಿಕೊಂಡ.

“ಯಾಕೆ ನಂಗೆ ಏಳ್ಲಿಲ್ಲ ಮಾಮ?”

“ಏಳಿದ್ರೆ ಏನ್ ಮಾಡ್ತಿದ್ದೆ?”

“ವೈರು ಸೇರಿಸ್ತಿದ್ದೆ.”

“ಆಮೇಲೆ ನಿಮ್ಮಮ್ಮ?”

“ನಮ್ಮಮ್ಮನ್ನ ನನ್ ಜೊತೆ ಕರ್ಕೊಂಡೋಯ್ತಿದ್ದೆ. ಆ ಮಾತು ನನ್ನ ಕೇಳ್ಬೇಕಾಗಿತ್ತು. ನೀವಿಬ್ರೂ ಕೇಳ್ಲಿಲ್ಲ.” ಅವನ ದನಿ ಏರಲಿಲ್ಲ. “ಸಾವ್ಕಾರ ಕತ್ತರಿಸ್ದ, ಸರಿ. ಅವ್ನು ಬ್ಯಾರೆಯೋನು. ಸೇರಿಸ್ದೆ ಬಿಟ್ಟೋರು ನೀವು. ನೀನು ಕತ್ತರಿಸ್ದೆ ಅಂತ ನಂಬ್ಕೊಂಡು ಒಬ್ಬನ್ನ ಬಿಟ್ಟಿದ್ದೆ. ಈಗ ಇಬ್ರೂ ಓದ್ರಿ.”

ಕೋದಂಡಪ್ಪ ಏನೋ ಹೇಳಹೊರಟ. ಕೇಳಲು ಅವನು ನಿಲ್ಲಲಿಲ್ಲ.

ಅಂದಿನಿಂದ ಆದಿನಾರಾಯಣ ಹಳ್ಳಿಗೆ ಬರುವುದನ್ನು ಬಿಟ್ಟ. ತಿಂಗಳಿಗೊಮ್ಮೆ ಅಕ್ಕಿ, ಎಣ್ಣೆ ಯಾರ ಕೈಯಲ್ಲೋ ಕಳಿಸುತ್ತಿದ್ದ. ಮುನಿಶಾಮಮ್ಮ ಕಾದು ಕಾದು, ಒಂದು ಭಾನುವಾರ ಅಣ್ಣನನ್ನು ಕರೆದುಕೊಂಡು ಉರಿಗಾಂನ ಗಣಿ ಕೆಲಸಗಾರರ ಲೈನ್ ಮನೆಗೆ ಹೋದಳು. ಅಮ್ಮಾಜಮ್ಮ ಚಾಪೆ ಹಾಸಿ ಕಾಫಿ ಕೊಟ್ಟಳು. ಮಗು ಅಜ್ಜಿಯನ್ನು ಗುರುತಿಸದೆ ತಾಯಿಯ ಸೆರಗು ಹಿಡಿಯಿತು. ಶಿಫ್ಟು ಮುಗಿಸಿ ಬಂದ ಆದಿನಾರಾಯಣ ಇಬ್ಬರನ್ನೂ ನೋಡಿದ, ಬಚ್ಚಲಿಗೆ ಹೋಗಿ ಮೈ ತೊಳೆದ, ಒಳಗೆ ಕೂತು ಉಂಡ, ಶರ್ಟು ಹಾಕಿಕೊಂಡು ಹೊರಗೆ ಹೋದ. ಸಂಜೆಯಾದರೂ ಬರಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆ ಎಂದು ಕೋದಂಡಪ್ಪ ತಂಗಿಯನ್ನು ಎಬ್ಬಿಸಿದ.

ಬಸ್ಸಿನಲ್ಲಿ ಅವಳು ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

“ಅವ್ನಿಗೆ ಏಳ್ಬಾರದಾಗಿತ್ತು ಕಣಣ್ಣ,” ಅಂದಳು.

ಅಪವಾದ ನನ್ನ ಮೇಲೆಯೇ ಇದ್ದಿದ್ದರೆ ಆಗುತ್ತಿತ್ತು ಎಂದು ಅವನಿಗೂ ಅನ್ನಿಸಿತು. ಕಂಡಕ್ಟರ್ ಬಂದಾಗ ಅವಳ ಹಳ್ಳಿಗೊಂದು, ಬಂಗಾರಪೇಟೆಗೊಂದು ಟಿಕೆಟ್ ತೆಗೆದುಕೊಂಡ.